ಒಂದೂವರೆ ತಾಸಿನ ದಾರಿ

"ಮುಂಬಯಿ ಇಲ್ಲಿಂದ ಎಷ್ಟು ದೂರ?" ಎಂದು ನಮ್ಮ ಶಿರಾಲಿಯಲ್ಲಿ ಯಾರನ್ನಾದರೂ ಕೇಳಿ ನೋಡಿರಿ. ಮೈಲುಗಳಲ್ಲಾಗಲಿ ಕಿಲೋಮೀಟರುಗಳಲ್ಲಾಗಲಿ ಉತ್ತರ ಹೇಳುವವರು ವಿರಳ. "ಒಂದು ರಾತ್ರಿಯ ರೈಲು" ಎಂದು ನಡುಪ್ರಾಯದವರು ಹೇಳುವರು. "ಒಂದೂವರೆ ತಾಸು" ಎಂದು ಕಿರಿಯರು ಹೇಳುವರು. ನಮ್ಮ ಅಜ್ಜಿಯನ್ನು ಕೇಳಿದರೆ "ಎರಡು ರಾತ್ರಿ, ನಾಲ್ಕು ವಾಂತಿ" ಎನ್ನುತ್ತಿದ್ದಳು. ನಮ್ಮ ಊರು ಇದ್ದಲ್ಲಿಯೇ ಇದೆ, ಮುಂಬಯಿಯೂ ಇದ್ದಲ್ಲಿಯೇ ಇದೆ; ನಡುವಿನ ಅಂತರ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಕುಗ್ಗುತ್ತ ಬಂದಿದೆ. ಇದರಿಂದ ಗೃಹಸ್ಥರಾದ ನಮಗೆ ಲಾಭವೆಷ್ಟು, ನಷ್ಟವೆಷ್ಟು ಎಂಬ ಲೆಕ್ಕವನ್ನು ವಾಚಕರ ಮುಂದಿಡಬೇಕೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇವೆ. ಶಾಲೆಯಲ್ಲಿ ನಾವು ಕಲಿಸಿದ್ದು ಸಂಸ್ಕೃತವನ್ನು, ಗಣಿತವನ್ನಲ್ಲ. ಆದರೂ ಈ ಲೆಕ್ಕದಲ್ಲಿ ತಪ್ಪಿದವರು ನಾವೇ ಆದುದರಿಂದ ಇದನ್ನು ಬಿಡಿಸಿ ಹೇಳುವ ಅಧಿಕಾರ ನಮಗುಂಟೆಂದು ಭಾವಿಸುತ್ತೇವೆ.

ಮೊದಲು ಅಂಕಿಗಳನ್ನೇ ನೋಡೋಣ. ಮಂಗಳೂರಿನ ಬಜ್ಪೆಯಿಂದ ಮುಂಬಯಿಗೆ ಆಕಾಶದಲ್ಲಿ ನೆಟ್ಟಗೆ ಗೆರೆ ಎಳೆದರೆ ಅದು ಸುಮಾರು 715 ಕಿಲೋಮೀಟರು ಆಗುತ್ತದೆ. ರೈಲಿನ ದಾರಿಯೂ ಹೆದ್ದಾರಿಯೂ ಬೆಟ್ಟಗಳನ್ನೂ ಹೊಳೆಗಳನ್ನೂ ಬಳಸಿ ಹೋಗುವದರಿಂದ 900ರ ಸುಮಾರಿಗೆ ಮುಟ್ಟುತ್ತವೆ. ವಿಮಾನದ ಟಿಕೇಟಿನಲ್ಲಿ ಒಂದೂವರೆ ತಾಸು, ಕೆಲವೊಮ್ಮೆ ಅದಕ್ಕಿಂತ ಹತ್ತು ಹದಿನೈದು ಮಿನಿಟು ಹೆಚ್ಚು, ಎಂದು ಕಾಣಿಸಿರುತ್ತಾರೆ. ಇದೆಲ್ಲವೂ ಹಾರಾಟದ ಕಾಲವಲ್ಲ. ವಿಮಾನವು ಈ ಕಡೆಯ ನಿಲುಗಡೆಯನ್ನು ಬಿಟ್ಟು ಅಲುಗಿದ ಕ್ಷಣದಿಂದ ಆ ಕಡೆಯ ನಿಲುಗಡೆಯಲ್ಲಿ ನಿಶ್ಚಲವಾಗುವವರೆಗಿನ ಹೊತ್ತೆಲ್ಲ ಆ ಲೆಕ್ಕಕ್ಕೆ ಸೇರುತ್ತದೆ. ನೆಲದ ಮೇಲೆ ಉರುಳುವದು, ತನ್ನ ಸರದಿಗಾಗಿ ಕಾಯುವದು, ಮುಂಬಯಿಯ ಮೇಲೆ ಇಳಿಯಲು ಅನುಮತಿ ಸಿಗುವ ತನಕ ಸುತ್ತುವದು, ಇವೆಲ್ಲಕ್ಕೂ ಅದರಲ್ಲಿ ಸ್ವಲ್ಪ ಸ್ವಲ್ಪ ಅವಕಾಶವಿಟ್ಟಿರುತ್ತಾರೆ. ಆದರೆ ಪ್ರಯಾಣಿಕನು ತನ್ನ ಮನೆಯ ಹೊಸ್ತಿಲು ದಾಟಿದ್ದು ಯಾವಾಗ, ಹೋಗಬೇಕಾದ ಮನೆಯ ಹೊಸ್ತಿಲು ಮೆಟ್ಟಿದ್ದು ಯಾವಾಗ ಎಂಬದು ಆ ಟಿಕೇಟಿಗೆ ಸಂಬಂಧಪಟ್ಟ ವಿಷಯವಲ್ಲ.

ನಮ್ಮಂಥವರಿಗೆ ತೊಡಕು ಇರುವದು ಇಲ್ಲಿಯೇ. ಒಂದೂವರೆ ತಾಸು ಎಂಬದು ಎರಡು ನಗರಗಳ ನಡುವಿನ ಮಾತು. ನಾವಿರುವದು ಎರಡರಲ್ಲಿ ಯಾವುದರಲ್ಲಿಯೂ ಅಲ್ಲ. ಶಿರಾಲಿಯಿಂದ ಬಜ್ಪೆಗೆ ರಸ್ತೆಯಲ್ಲಿ ಸುಮಾರು 150 ಕಿಲೋಮೀಟರು. ಉತ್ತರಕ್ಕೆ ಹೋಗಬೇಕಾದವನು ಮೊದಲು ಮೂರು ತಾಸು ದಕ್ಷಿಣಕ್ಕೆ ಹೋಗಬೇಕು. ಕೊಂಕಣ ಸುತ್ತಿ ಮೈಲಾರಕ್ಕೆ ಹೋಗುವದೆಂಬ ಗಾದೆ ಘಟ್ಟದ ಮೇಲಿನವರಿಗಾಗಿ ಹುಟ್ಟಿದ್ದೆಂದು ನಾವು ತಿಳಿದಿದ್ದೆವು. ಈ ಕಡಲ ಸೀಮೆಯಲ್ಲಿಯೇ ಹುಟ್ಟಿದ ನಮಗೂ ಅದು ತಪ್ಪಲಿಲ್ಲ. ಇನ್ನೂ ಒಂದು ವಿನೋದವುಂಟು. ನಕಾಶೆಯ ಮೇಲೆ ಬಜ್ಪೆಯಿಂದ ಮುಂಬಯಿಗೆ ಅಳತೆಕೋಲಿಟ್ಟು ಗೆರೆ ಎಳೆದರೆ ಆ ಗೆರೆಯು ನಮ್ಮ ಶಿರಾಲಿಯ ನೆತ್ತಿಯ ಮೇಲೆಯೇ ಹಾಯುತ್ತದೆ! ಮೂರು ತಾಸು ಕಾರಿನಲ್ಲಿ ಕುಲುಕಿ ಹೋದದ್ದನ್ನು ವಿಮಾನವು ಕಾಲು ತಾಸಿನಲ್ಲಿ ಹಿಂದಕ್ಕೆ ತಂದು, ನಮ್ಮ ಮನೆಯ ಹೆಂಚಿನ ಮೇಲಿಂದಲೇ ಎಂಬಂತೆ ನಮ್ಮನ್ನು ದಾಟಿಸಿಕೊಂಡು ಹೋಗುತ್ತದೆ.

ಶಿರಾಲಿಗೂ ಮುಂಬಯಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಇಲ್ಲಿಯ ಚಿತ್ರಾಪುರ ಮಠದ ಶಿಷ್ಯರಾದ ಸಾರಸ್ವತ ಮನೆತನದವರು ಉದ್ಯೋಗವನ್ನರಸಿ ಆ ನಗರಕ್ಕೆ ಹೋಗಿ ನೆಲೆಸಿದರು. 1906ರಲ್ಲಿ ಶಾಮರಾವ ವಿಠ್ಠಲ ಸಹಕಾರಿ ಬ್ಯಾಂಕನ್ನು ಕಟ್ಟಿದರು. 1915ರಲ್ಲಿ ಎಸ್. ಎಸ್. ತಲ್ಮಕಿಯವರ ಮುಂದಾಳುತನದಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನು ಸ್ಥಾಪಿಸಿದರು. ಅವರನ್ನು ನೋಡಿ ಬೇರೆ ಜಾತಿ ಮತಗಳವರೂ ಹೋದರು. ನಮ್ಮ ಅಜ್ಜನೂ ಹಾಗೆ ಹೋದವರಲ್ಲಿ ಒಬ್ಬ. ಎತ್ತಿನ ಗಾಡಿಯಲ್ಲಿ ಹೊನ್ನಾವರಕ್ಕೆ ಹೋಗಿ, ದೂರ ಸಮುದ್ರದಲ್ಲಿ ನಿಂತ ಆಗಬೋಟಿಗೆ ದೋಣಿಯಲ್ಲಿ ಸಾಗಿ, ತೂಗಾಡುವ ನಿಚ್ಚಣಿಕೆ ಹತ್ತಿ, ಎರಡು ರಾತ್ರಿ ಹಡಗಿನ ಅಟ್ಟದ ಮೇಲೆ ಚಾಪೆ ಹಾಸಿ ಮಲಗಿದರೆ ಮುಂಬಯಿಯ ಧಕ್ಕೆ ಕಾಣುತ್ತಿತ್ತಂತೆ. ಮಳೆಗಾಲ ಹತ್ತಿದರೆ ಆಗಬೋಟು ನಿಲ್ಲುತ್ತಿತ್ತು. ಆ ನಾಲ್ಕು ತಿಂಗಳು ಮುಂಬಯಿಯು ಲಂಕೆಯಷ್ಟು ದೂರ. ಭೂಮಾರ್ಗದಲ್ಲಿ ಹೋಗೋಣವೆಂದರೆ ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಈ ನಾಲ್ಕು ಹೊಳೆಗಳನ್ನೂ ತಾರಿಯಲ್ಲಿ ದಾಟಬೇಕು. ಇಲ್ಲವೇ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿ ರೈಲು ಹಿಡಿಯಬೇಕು.

1951ರ ಡಿಸೆಂಬರ 25ರಂದು ಪಂಡಿತ ನೆಹರೂ ಅವರ ವಿಮಾನ ಬಜ್ಪೆಯಲ್ಲಿಳಿದು ಅಲ್ಲಿಯ ನಿಲ್ದಾಣವು ಆರಂಭವಾಯಿತು. ಆದರೆ ನಮ್ಮಂಥ ಮನೆಗಳಿಗೆ ಅದು ಬಹಳ ಕಾಲ ಪತ್ರಿಕೆಯಲ್ಲಿ ಓದುವ ವಾರ್ತೆಯಾಗಿಯೇ ಉಳಿಯಿತು. ನಾವು ಬಲ್ಲದ್ದು ಬಸ್ಸು. ಹೊಳೆಗಳಿಗೆ ಸೇತುವೆಗಳಾದ ಮೇಲೆ ಕಡಲ ತೀರದ ಹೆದ್ದಾರಿಯಲ್ಲಿ ಇಡೀ ಹಗಲು ಇಡೀ ರಾತ್ರಿ ಕುಳಿತು ಮುಂಬಯಿ ಮುಟ್ಟುತ್ತಿದ್ದೆವು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ತೆರೆಯಿತು. ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆಯನ್ನು ಕಟ್ಟಿದರು. ಸಹ್ಯಾದ್ರಿಯ ಕಾಲುಗಳನ್ನು ಕೊರೆದು ತೊಂಬತ್ತಕ್ಕಿಂತ ಹೆಚ್ಚು ಸುರಂಗಗಳನ್ನು ಮಾಡಿದರು. ಭಟ್ಕಳದಲ್ಲಿ ಮಧ್ಯಾಹ್ನದ ಮೇಲೆ ಮತ್ಸ್ಯಗಂಧಾ ಗಾಡಿ ಹತ್ತಿದರೆ ಮರುದಿನ ಹೊತ್ತು ಮೂಡುವಾಗ ಠಾಣೆ. ನಮ್ಮ ಅಜ್ಜಿ ಬದುಕಿದ್ದರೆ ನಂಬುತ್ತಿರಲಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇವೆ. ನಮ್ಮ ಅಕ್ಕನನ್ನು ಡೊಂಬಿವಲಿಗೆ ಕೊಟ್ಟಿತ್ತು. ಬಸ್ಸಿನ ಕಾಲದಲ್ಲಿ, ನಾವಿನ್ನೂ ಪಾಠಶಾಲೆಯ ವಿದ್ಯಾರ್ಥಿಯಾಗಿದ್ದಾಗಲೂ ಮುಂದೆ ಮಾಸ್ತರಿಕೆ ಹಿಡಿದ ಮೇಲೂ, ಬೇಸಿಗೆಯ ಸೂಟಿಯಲ್ಲಿ ವರುಷಕ್ಕೊಮ್ಮೆ, ತಪ್ಪಿದರೆ ಎರಡು ವರುಷಕ್ಕೊಮ್ಮೆ, ಅವಳ ಮನೆಗೆ ಹೋಗುತ್ತಿದ್ದೆವು. ಹೋದರೆ ಒಂದು ತಿಂಗಳು. ಅಷ್ಟು ಕಷ್ಟಪಟ್ಟು ಹೋದವರು ನಾಲ್ಕು ದಿನಕ್ಕೆ ಹಿಂತಿರುಗಿದರೆ ಆ ಕಷ್ಟಕ್ಕೆ ಬೆಲೆಯೇನು? ಎರಡು ಕೋಣೆಗಳ ಆ ಮನೆಯಲ್ಲಿ ನಾವು ನೆಲದ ಮೇಲೆ ಮಲಗಿ, ಭಾವನ ಜೊತೆಗೆ ಚದುರಂಗವಾಡಿ, ಅವಳ ಮಗನಿಗೆ ರಾಮಶಬ್ದ ಬಾಯಿಪಾಠ ಮಾಡಿಸಿ, ಅವಳು ಊರಿನ ಒಂದೊಂದು ಮನೆಯ ಸುದ್ದಿಯನ್ನೂ ಬಿಡದೆ ಕೇಳುತ್ತಿರಲು ಹೇಳಿ ಹೇಳಿ ದಣಿದು, ಕಣ್ಣಲ್ಲಿ ನೀರು ತಂದುಕೊಂಡು ಹಿಂದಿರುಗುತ್ತಿದ್ದೆವು.

ರೈಲು ಬಂದಿತು. ದಾರಿ ಅರ್ಧವಾಯಿತು, ನಮ್ಮ ವಾಸ್ತವ್ಯವೂ ಒಂದು ವಾರಕ್ಕಿಳಿಯಿತು. ವಿಮಾನದ ದರ ನಮ್ಮಂಥವರ ಕೈಗೆಟಕುವಂತಾಯಿತು. ದಾರಿ ಒಂದೂವರೆ ತಾಸಾಯಿತು; ಹೋಗುವದೇ ನಿಂತಿತು! ಇದು ಹೇಗಾಯಿತೆಂದು ಕೇಳಿದರೆ ವಿವರಿಸುವದು ಕಠಿಣವಲ್ಲ. ದೂರದ ಊರಿಗೆ ಹೋಗಬೇಕಾದರೆ ತಿಂಗಳು ಮೊದಲೇ ದಿನ ಗೊತ್ತುಮಾಡಬೇಕು, ರಜೆ ಬೇಡಬೇಕು, ಹಣ ಕೂಡಿಸಬೇಕು. ಗೊತ್ತುಮಾಡಿದ ಮೇಲೆ ಹೋಗಲೇಬೇಕು. ಯಾವಾಗ ಬೇಕಾದರೂ ಹೋಗಬಹುದಾದ ಊರಿಗೆ ಇಂದೇ ಹೋಗಬೇಕೆಂಬ ನಿರ್ಬಂಧವಿಲ್ಲ. "ಬಾರೋ" ಎಂದು ಅಕ್ಕ ಫೋನಿನಲ್ಲಿ ಹೇಳಿದಾಗಲೆಲ್ಲ "ಬರುತ್ತೇನೆ ಅಕ್ಕಾ, ಏನು ಮಹಾ, ಒಂದೂವರೆ ತಾಸು" ಎಂದು ಉತ್ತರ ಕೊಟ್ಟೆವು. 2018ರ ನಂತರ ನಾವು ಹೋಗಲೇ ಇಲ್ಲ. 2020ರಲ್ಲಿ ಮಹಾಮಾರಿ ಬಂದು ಮಾರ್ಚ 25ರಿಂದ ಎರಡು ತಿಂಗಳು ದೇಶದೊಳಗಿನ ವಿಮಾನಗಳೆಲ್ಲ ನೆಲಕ್ಕಂಟಿ ಕುಳಿತಾಗ, ಅಜ್ಜನ ಕಾಲದ ಮಳೆಗಾಲವೇ ಮರಳಿ ಬಂದಂತಾಗಿ, ಹೋಗಬೇಕೆಂದು ಜೀವ ಚಡಪಡಿಸಿತು. ವಿಮಾನಗಳು ಮತ್ತೆ ಹಾರಿದವು, ಚಡಪಡಿಕೆಯೂ ಇಳಿಯಿತು.

2024ರ ಜುಲೈ ಕೊನೆಯ ವಾರ, ಆಷಾಢದ ಬಿರುಮಳೆ. ಬೆಳಗಿನ ಐದೂವರೆ ಘಂಟೆಗೆ ಅಕ್ಕನ ಮಗ ಫೋನು ಮಾಡಿದ. "ಮಾವಾ, ಆಯಿಗೆ ಸ್ವಸ್ಥವಿಲ್ಲ. ಆಸ್ಪತ್ರೆಗೆ ಸೇರಿಸಿದ್ದೇವೆ. ನೀವು ವಿಮಾನದಲ್ಲಿಯೇ ಬಂದುಬಿಡಿ, ಟಿಕೇಟು ನಾನು ತೆಗೆಯುತ್ತೇನೆ. ಒಂದೂವರೆ ತಾಸಷ್ಟೆ." ನಾವು ಇಷ್ಟು ವರುಷ ಅವನ ತಾಯಿಗೆ ಹೇಳುತ್ತಿದ್ದ ಮಾತನ್ನೇ ಅವನು ನಮಗೆ ಹೇಳಿದ.

ಗೋವೆಯ ವಿಮಾನ ನಿಲ್ದಾಣಕ್ಕೆ ಹೋಗುವ ಹಾಗಿರಲಿಲ್ಲ. ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಗಿ ಹೆದ್ದಾರಿ ಮುಚ್ಚಿತ್ತು. ಅದೇ ತಿಂಗಳು ಗೋವೆಯ ಪೆರ್ನೆಮ್ ಸುರಂಗದಲ್ಲಿ ನೀರು ಉಕ್ಕಿ ರೈಲುಗಳೂ ಒಮ್ಮೆ ನಿಂತಿದ್ದವು. ಆದುದರಿಂದ ರೈಲನ್ನು ನಂಬಲು ಧೈರ್ಯವಾಗಲಿಲ್ಲ. ಒಂಬತ್ತು ಘಂಟೆಗೆ ಬಾಡಿಗೆಯ ಕಾರು ಹತ್ತಿ ಬಜ್ಪೆಗೆ ಹೊರಟೆವು. ಕೈಚೀಲವೊಂದೇ ಸಾಮಾನು. ಅಕ್ಕನಿಗೆ ಪ್ರಿಯವಾದ ಅಪ್ಪೆಮಿಡಿಯ ಉಪ್ಪಿನಕಾಯಿಯನ್ನು ನಮ್ಮ ಮನೆಯವರು ಭರಣಿಯಿಂದ ಬಾಟಲಿಗೆ ತುಂಬಿಸಿ ತಂದರು. ವಿಮಾನದೊಳಗೆ ಅದನ್ನು ಒಯ್ಯಗೊಡುವದಿಲ್ಲವೆಂದು ಕಾರಿನವನು ಹೇಳಿದ್ದರಿಂದ ಅದು ಜಗಲಿಯ ಮೇಲೆಯೇ ಉಳಿಯಿತು.

ಮಳೆಯಲ್ಲಿ ಬಜ್ಪೆ ಮುಟ್ಟಿದಾಗ ಹನ್ನೆರಡೂವರೆ. ಎರಡು ತಾಸು ಮುಂಚಿತವಾಗಿ ಹೋಗಬೇಕೆಂಬದು ನಿಯಮ; ಹೋದೆವು. ವಿಮಾನ ಎರಡೂವರೆಗೆ. ಆದರೆ ಗುಡ್ಡದ ನೆತ್ತಿಯ ಮೇಲೆ ಕಟ್ಟಿದ ಆ ನಿಲ್ದಾಣದ ಮೇಲೆ ಮೋಡ ಕವಿದು ಕುಳಿತಿತ್ತು. ಅಲ್ಲಿ ಕಾಯಬೇಕಾಗಿ ಬಂದವರು ಬೇಸರಿಸಬಾರದು. 2010ರ ಮೇ 22ರಂದು ದುಬಾಯಿಯಿಂದ ಬಂದ ವಿಮಾನವೊಂದು ಇದೇ ಗುಡ್ಡದ ಅಂಚನ್ನು ದಾಟಿ ಕಣಿವೆಗೆ ಬಿದ್ದು 158 ಜೀವಗಳು ಹೋದದ್ದನ್ನು ಈ ಕರಾವಳಿಯವರು ಮರೆತಿಲ್ಲ. ನಾಲ್ಕು ಘಂಟೆಗೆ ಮೋಡ ಹರಿಯಿತು, ವಿಮಾನ ಹೊರಟಿತು.

ವಿಮಾನವೆಂಬ ಶಬ್ದವನ್ನು ನಾವು ಮೂವತ್ತು ವರುಷ ಮಕ್ಕಳಿಗೆ ಬಿಡಿಸಿ ಹೇಳಿದ್ದೇವೆ. ಅಳೆಯುವದು ಎಂಬ ಅರ್ಥದ ಧಾತುವಿನಿಂದ ಬಂದ ಮಾತು ಅದು. ಅಳೆಯುತ್ತ ಸಾಗುವದು ಎಂದು ತಾತ್ಪರ್ಯ. ಕಾಳಿದಾಸನು ರಘುವಂಶದ ಹದಿಮೂರನೆಯ ಸರ್ಗದಲ್ಲಿ ರಾಮನನ್ನೂ ಸೀತೆಯನ್ನೂ ಪುಷ್ಪಕದಲ್ಲಿ ಕೂಡಿಸಿ ಲಂಕೆಯಿಂದ ಅಯೋಧ್ಯೆಯ ಕಡೆಗೆ ತರುತ್ತಾನೆ. ಅಲ್ಲಿ ಎಷ್ಟು ತಾಸಾಯಿತೆಂಬ ಮಾತಿಲ್ಲ. ಕೆಳಗೆ ಸಮುದ್ರ ಕಂಡಿತು, ತಾವು ಅಗಲಿಕೆಯಲ್ಲಿ ಅಲೆದ ಕಾಡು ಕಂಡಿತು, ನದಿಗಳ ಸಂಗಮ ಕಂಡಿತು ಎಂದು ರಾಮನು ಒಂದೊಂದನ್ನೂ ತೋರಿಸುತ್ತಾನೆ. ನಾವೂ ಕಿಟಕಿಗೆ ಮುಖವಿಟ್ಟು ನೋಡಿದೆವು. ಕಾಲು ತಾಸಾಗುತ್ತಿದ್ದಂತೆ, ಈಗ ಕೆಳಗೆ ಮುರ್ಡೇಶ್ವರದ ಗೋಪುರ ಇರಬೇಕು, ನೇತ್ರಾಣಿ ದ್ವೀಪ ಇರಬೇಕು, ನಮ್ಮ ಮನೆಯ ಜಗಲಿಯೂ ಅದರ ಮೇಲೆ ಉಪ್ಪಿನಕಾಯಿಯ ಬಾಟಲಿಯೂ ಇರಬೇಕು ಎಂದುಕೊಂಡೆವು. ಕಂಡದ್ದು ಬಿಳಿಯ ಮೋಡ ಮಾತ್ರ. ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟ ಮನೆಯ ಮೇಲೆ ಸಂಜೆ ನಾಲ್ಕೂ ಕಾಲಿಗೆ ಹಾದು ಹೋಗುತ್ತಿದ್ದೇವೆಂಬ ಅರಿವು ಅಂಥ ಚಿಂತೆಯಲ್ಲಿಯೂ ನಮಗೆ ನಗು ತರಿಸಿತು.

ಮುಂಬಯಿಯ ಮೇಲೆ ವಿಮಾನ ಸುತ್ತುತ್ತ ಇದ್ದು ಆರು ಘಂಟೆಗೆ ಇಳಿಯಿತು. ಹೊರಗೆ ಬರಲು ಮುಕ್ಕಾಲು ತಾಸು. ಮಳೆನೀರು ನಿಂತ ರಸ್ತೆಗಳಲ್ಲಿ ಡೊಂಬಿವಲಿಗೆ ಎರಡೂವರೆ ತಾಸು. ಆಸ್ಪತ್ರೆಯ ಬಾಗಿಲಿಗೆ ಮುಟ್ಟಿದಾಗ ರಾತ್ರಿ ಒಂಬತ್ತೂ ಕಾಲು. ಮನೆ ಬಿಟ್ಟು ಹನ್ನೆರಡೂ ಕಾಲು ತಾಸಾಗಿತ್ತು. ಅದರಲ್ಲಿ ವಿಮಾನದಲ್ಲಿ ಕಳೆದದ್ದು ಎರಡು ತಾಸು. ಉಳಿದ ಹತ್ತೂ ಕಾಲು ತಾಸು ನೆಲದ ಮೇಲಿನದು. ಬಾಗಿಲಲ್ಲಿದ್ದವನು ಕೈಯಡ್ಡ ಮಾಡಿ, ರೋಗಿಗಳನ್ನು ನೋಡುವ ಸಮಯ ಮುಗಿಯಿತೆಂದೂ ಇನ್ನು ಬೆಳಿಗ್ಗೆ ಏಳಕ್ಕೆ ಬರಬೇಕೆಂದೂ ವಿನಯದಿಂದಲೇ ಹೇಳಿದ. ನಿಯಮ ನಿಯಮವೇ. ಅಳಿಯನು ತಾಯಿಯ ಹತ್ತಿರ ಇದ್ದ. ನಾವು ಹೊರಗಿನ ಬೆಂಚಿನ ಮೇಲೆ ರಾತ್ರಿ ಕಳೆದೆವು.

ಬೆಳಿಗ್ಗೆ ಏಳು ಹೊಡೆಯಲು ಐದು ಮಿನಿಟು ಇರುವಾಗ ನಮ್ಮೂರಿನ ಹುಡುಗನೊಬ್ಬ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದ. ರಜೆ ಮುಗಿಸಿ ಕೆಲಸಕ್ಕೆ ಹಿಂತಿರುಗುತ್ತಿದ್ದವನನ್ನು ನಮ್ಮ ಮನೆಯವರು ಹೇಗೋ ಹಿಡಿದು, ಆ ಬಾಟಲಿಯನ್ನು ಅವನ ಕೈಯಲ್ಲಿ ಕೊಟ್ಟು, ಆಸ್ಪತ್ರೆಯ ಹೆಸರನ್ನು ಚೀಟಿಯಲ್ಲಿ ಬರೆದು ಕಳಿಸಿದ್ದರು. ಅವನು ಮನೆಯಲ್ಲಿ ಮಧ್ಯಾಹ್ನದ ಊಟ ಮಾಡಿ, ಭಟ್ಕಳದಲ್ಲಿ ರೈಲು ಹತ್ತಿ, ರಾತ್ರಿ ನಿದ್ದೆ ಮಾಡಿ, ಠಾಣೆಯಲ್ಲಿಳಿದು ಲೋಕಲ್ ಗಾಡಿ ಹಿಡಿದು ಬಂದಿದ್ದ. ಏಳು ಘಂಟೆಗೆ ಬಾಗಿಲು ತೆರೆದಾಗ ವಿಮಾನದಲ್ಲಿ ಬಂದ ನಾವೂ ರೈಲಿನಲ್ಲಿ ಬಂದ ಉಪ್ಪಿನಕಾಯಿಯೂ ಕೂಡಿಯೇ ಒಳಗೆ ಹೋದೆವು.

ಅಕ್ಕ ಕಣ್ಣು ತೆರೆದಿದ್ದಳು. ಬಹಳ ಇಳಿದು ಹೋಗಿದ್ದಳು. ನಮ್ಮನ್ನು ಗುರುತಿಸಿ, "ಬಂದೆಯಾ ತಮ್ಮಾ? ರೈಲಿನಲ್ಲಿ ನಿದ್ದೆ ಬಂತೇ?" ಎಂದು ಕೇಳಿದಳು. ವಿಮಾನದಲ್ಲಿ ಬಂದೆವೆಂದು ಹೇಳಲು ನಮಗೆ ಬಾಯಿ ಬರಲಿಲ್ಲ. ಹೇಳಿದರೆ, ಒಂದೂವರೆ ತಾಸಿನ ದಾರಿಯನ್ನು ಸವೆಸಲು ಆರು ವರುಷ ಯಾಕೆ ಬೇಕಾಯಿತು ಎಂದು ಅವಳು ಕೇಳಬಹುದಿತ್ತು. ಅವಳು ಅದನ್ನು ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿಂದೆ ಪ್ರತಿ ಬೇಸಿಗೆಯಲ್ಲಿ ನಾವು ಬಾಗಿಲಲ್ಲಿ ಚೀಲವಿಳಿಸಿದಾಗ ಕೇಳುತ್ತಿದ್ದುದನ್ನೇ ಕೇಳಿದಳು: "ಎಷ್ಟು ದಿನ ಇರುತ್ತೀ?"

ನಮ್ಮ ಜೇಬಿನಲ್ಲಿ ಮೂರನೆಯ ದಿನದ ಹಿಂತಿರುಗುವ ಟಿಕೇಟು ಇತ್ತು. "ನೀನು ಹೋಗೆನ್ನುವ ತನಕ" ಎಂದೆವು.

ಅವಳು ಇಪ್ಪತ್ತು ದಿನ ಬದುಕಿದ್ದಳು. ಅಷ್ಟು ದಿನವೂ ಹತ್ತಿರವಿದ್ದೆವು. ಊರಿನ ಮನೆ ಮನೆಯ ಸುದ್ದಿಯನ್ನೂ ಹಿಂದಿನಂತೆ ಹೇಳಿದೆವು. ವೈದ್ಯರ ಅನುಮತಿ ಕೇಳಿ ಅಪ್ಪೆಮಿಡಿಯ ರಸವನ್ನು ನಾಲಿಗೆಗೆ ಮುಟ್ಟಿಸಿದಾಗ "ಈ ವರುಷದ್ದಲ್ಲ, ಹೋದ ವರುಷದ್ದು" ಎಂದು ಸರಿಯಾಗಿ ಗುರುತಿಸಿದಳು. ಆ ಇಪ್ಪತ್ತು ದಿನ ನಮಗೆ ಸಿಕ್ಕದ್ದು ವಿಮಾನದ ವೇಗದಿಂದಲ್ಲ, ದೈವದ ದಯೆಯಿಂದ. ಸಿಗದೆ ಹೋಗುವದೂ ಅಷ್ಟೇ ಸಂಭವನೀಯವಾಗಿತ್ತು. ಅವಳ ಅಸ್ಥಿಯನ್ನು ಗೋಕರ್ಣಕ್ಕೆ ತರುವಾಗ ಅಳಿಯನೂ ನಾವೂ ರೈಲಿನಲ್ಲಿಯೇ ಬಂದೆವು. ಯಾರಿಗೂ ಅವಸರವಿರಲಿಲ್ಲ.

ಈ ಸಂಗತಿಯನ್ನು ಭಟ್ಕಳದ ಒಬ್ಬ ತಾಯಿಯ ಮುಂದೆ ಹೇಳಿದೆವು. ಅವಳ ಮಗ ನಮ್ಮ ಹಳೆಯ ವಿದ್ಯಾರ್ಥಿ. ಆ ಊರಿನ ಅನೇಕ ನವಾಯತ ಮನೆತನದವರಂತೆ ದುಬಾಯಿಯಲ್ಲಿ ವ್ಯಾಪಾರ. ಮಂಗಳೂರಿನಿಂದ ದುಬಾಯಿಗೆ ಸುಮಾರು 2,450 ಕಿಲೋಮೀಟರು, ಮೂರೂವರೆ ತಾಸಿನ ಹಾರಾಟ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ. ಆದುದರಿಂದ ಇಲ್ಲಿ ಹತ್ತಕ್ಕೆ ಹೊರಟವನು ಅಲ್ಲಿಯ ಗಡಿಯಾರದಲ್ಲಿ ಹನ್ನೆರಡಕ್ಕೆ ಇಳಿಯುತ್ತಾನೆ. ಅಲ್ಲಿ ಹತ್ತಕ್ಕೆ ಹೊರಟವನು ಇಲ್ಲಿ ಮೂರಕ್ಕೆ ಇಳಿಯುತ್ತಾನೆ. ಆ ತಾಯಿ ಅಂದಳು: "ಮಾಸ್ತರೇ, ಹೋಗುವಾಗ ಎರಡು ತಾಸು, ಬರುವಾಗ ಐದು ತಾಸು. ಅದಕ್ಕೇ ಅವನು ಬೇಗ ಹೋಗುತ್ತಾನೆ, ತಡಮಾಡಿ ಬರುತ್ತಾನೆ." ನಮ್ಮ ಗಣಿತದ ಮಾಸ್ತರರು ಕೂಡ ಇದಕ್ಕಿಂತ ಚೆನ್ನಾಗಿ ಈ ಲೆಕ್ಕ ಬಿಡಿಸಲಾರರು.

ವಿಮಾನವನ್ನು ದೂಷಿಸುವದು ನಮ್ಮ ಉದ್ದೇಶವಲ್ಲ. ಅದು ತನ್ನ ಕೆಲಸವನ್ನು ನಿಯತವಾಗಿ ಮಾಡುತ್ತದೆ. ತಾನು ಹೇಳಿದ ಒಂದೂವರೆ ತಾಸನ್ನು ಹೆಚ್ಚು ಕಡಿಮೆ ನಡೆಸಿಕೊಡುತ್ತದೆ. ತಪ್ಪು ನಮ್ಮ ತ್ರೈರಾಶಿಕದ್ದು. ದಾರಿ ಅರ್ಧವಾದರೆ ಹೋಗುವದು ಇಮ್ಮಡಿಯಾಗಬೇಕೆಂದು ನಾವು ಲೆಕ್ಕ ಹಾಕಿದ್ದೆವು. ಹಾಗೆ ತಾನಾಗಿಯೇ ಆಗುವದಿಲ್ಲ. ಗೃಹಸ್ಥರಾದ ವಾಚಕರಲ್ಲಿ ನಮ್ಮ ವಿನಂತಿಯಿಷ್ಟೇ: ದೂರದಲ್ಲಿರುವ ಹೆಣ್ಣುಮಕ್ಕಳು, ಅಕ್ಕತಂಗಿಯರು, ವೃದ್ಧರು ಯಾರಿದ್ದಾರೋ ಅವರ ಊರಿಗೆ ಎಷ್ಟು ತಾಸಿನ ದಾರಿ ಎಂಬದನ್ನು ಟಿಕೇಟಿನಲ್ಲಿ ನೋಡುವ ಮೊದಲು, ಅಲ್ಲಿ ಎಷ್ಟು ದಿನ ಇರುವೆವೆಂಬದನ್ನು ಪಂಚಾಂಗದಲ್ಲಿ ಗುರುತು ಮಾಡಿರಿ. ಆಮೇಲೆ ವಿಮಾನವೋ, ರೈಲೋ, ಬಸ್ಸೋ, ನಿಮ್ಮ ಅನುಕೂಲದಂತೆ ಆಗಲಿ.

ನಮಗೆ ತಂಗಿಯೊಬ್ಬಳು ಹುಬ್ಬಳ್ಳಿಯಲ್ಲಿದ್ದಾಳೆ. ಘಟ್ಟ ಹತ್ತಿ ಐದಾರು ತಾಸಿನ ಬಸ್ಸಿನ ದಾರಿ. ಹತ್ತಿರವೇ ಎಂದು ಅವಳಿಗೂ ಹೇಳುತ್ತ ಬಂದಿದ್ದೆವು. ಬರುವ ಸೋಮವಾರ ಹೊರಡುತ್ತೇವೆಂದೂ ಹದಿನೈದು ದಿನ ಇರುತ್ತೇವೆಂದೂ ನಿನ್ನೆ ಅವಳಿಗೆ ತಿಳಿಸಿದೆವು. ಅವಳು ಗಾಬರಿಯಾಗಿ, "ಯಾಕಣ್ಣಾ, ಎಲ್ಲ ಆರೋಗ್ಯವಾಗಿದ್ದೀರಷ್ಟೆ?" ಎಂದು ಕೇಳಿದಳು.